ಬೇರಿನೊಳಗೆ ಮಾತ್ರೆ: ಕ್ಯಾಮರೂನಿನ ಟ್ರಮಡಾಲ್ ಪ್ರಕರಣ

ಕದಂಬದ ಹೂವು ಕಂಡವರಿಗೆ ಈ ಮರದ ಗುರುತು ಹೇಳುವುದು ಸುಲಭ. ಚೆಂಡಿನಂಥ ದುಂಡು ಹೂಗೊಂಚಲು, ಮೈತುಂಬ ಗುಂಡುಸೂಜಿ ಚುಚ್ಚಿದ ಹಾಗೆ ಹೊರಗೆ ಚಾಚಿದ ಎಳೆಗಳು. ಇಂಗ್ಲಿಷಿನಲ್ಲಿ ಇದಕ್ಕೆ ಪಿನ್‌ಕುಷನ್ ಮರ ಎಂದೇ ಹೆಸರು. ಸಸ್ಯಶಾಸ್ತ್ರದಲ್ಲಿ ನಾಕ್ಲಿಯಾ ಲ್ಯಾಟಿಫೋಲಿಯಾ, ಇನ್ನೊಂದು ಹೆಸರು ಸಾರ್ಕೊಸೆಫಾಲಸ್ ಲ್ಯಾಟಿಫೋಲಿಯಸ್. ನಮ್ಮ ಕದಂಬಕ್ಕೆ ಹತ್ತಿರದ ನೆಂಟ. ಕಾಫಿ, ಸಿಂಕೋನಾ ಕೂಡ ಇದೇ ಕುಟುಂಬದವು. ಕ್ಯಾಮರೂನಿನ ಉತ್ತರದ ಕಡೆ ಜನ ಇದರ ಬೇರಿನ ಕಷಾಯ ಮಾಡಿ ಕುಡಿಯುತ್ತಾರೆ. ಜ್ವರ, ಮಲೇರಿಯಾ, ಮೂರ್ಛೆ ರೋಗ, ಮೈಕೈ ನೋವು, ಎಲ್ಲಕ್ಕೂ ಅದೇ.

2013ರಲ್ಲಿ ಈ ಬೇರಿನಿಂದ ಒಂದು ವಿಚಿತ್ರ ಸುದ್ದಿ ಬಂತು. ಫ್ರಾನ್ಸಿನ ಗ್ರೆನೋಬಲ್‌ನ ಮಿಷೆಲ್ ದ ವಾರ್, ಅಹ್ಸೆನ್ ಬುಮೆಂಜೆಲ್ ಮತ್ತು ಕ್ಯಾಮರೂನಿನ ಜರ್ಮೇನ್ ಸೊಟೊಯಿಂಗ್ ತೈವೆ ಅವರ ತಂಡ ಬೇರಿನ ತೊಗಟೆಯಿಂದ ನೋವು ಕಡಿಮೆ ಮಾಡುವ ವಸ್ತುವನ್ನು ಬೇರ್ಪಡಿಸಿತ್ತು. ಅದರ ರಚನೆ ನೋಡಿದರೆ ಹೊಸದೇನೂ ಅಲ್ಲ. ಔಷಧಿ ಅಂಗಡಿಯಲ್ಲಿ ದಶಕಗಳಿಂದ ಸಿಗುತ್ತಿರುವ ಟ್ರಮಡಾಲ್! ಒಣಗಿದ ತೊಗಟೆಯ ತೂಕದಲ್ಲಿ 0.4%ರಷ್ಟು. ಬೇರೆ ಪ್ರಯೋಗಾಲಯಗಳೂ ನೋಡಿ ಹೌದೆಂದವು. ವರದಿ ಪ್ರಕಟವಾದದ್ದು ರಸಾಯನಶಾಸ್ತ್ರದವರು ಬಹಳ ಗೌರವದಿಂದ ಕಾಣುವ 'ಆಂಗೆವಾಂಟೆ ಕೆಮಿ' ಪತ್ರಿಕೆಯಲ್ಲಿ.

ವಿಚಿತ್ರ ಯಾಕೆ ಅಂದರೆ, ಟ್ರಮಡಾಲ್ ಮನುಷ್ಯ ಕೈಯಾರೆ ಕಟ್ಟಿದ ಅಣು. 1962ರಲ್ಲಿ ಜರ್ಮನಿಯ ಗ್ರೂನೆಂಟಾಲ್ ಕಂಪನಿಯಲ್ಲಿ ತಯಾರಾಯಿತು, 1977ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂತು. ಗಿಡದಿಂದ ಔಷಧಿ ಬರುವುದು ಹಳೇ ಕಥೆ. ಅಫೀಮಿನಿಂದ ಮಾರ್ಫಿನ್, ಸಿಂಕೋನಾದಿಂದ ಕ್ವಿನೈನ್ ಬಂದದ್ದು ಹಾಗೆ. ಇಲ್ಲಿ ಉಲ್ಟಾ. ಮನುಷ್ಯ ಮೊದಲು ಮಾಡಿದ, ಐವತ್ತು ವರ್ಷ ಆದಮೇಲೆ ಅದೇ ಅಣು ಮರದ ಬೇರಿನಲ್ಲೂ ಇದೆ ಎಂದು ಗೊತ್ತಾಯಿತು.

ಆಗಲೇ ಸಾಧ್ಯವಿಲ್ಲ ಎಂದು ತಳ್ಳಿಹಾಕುವ ಹಾಗೂ ಇರಲಿಲ್ಲ. ಇದೇ ಕುಟುಂಬದ ಇನ್ನೊಂದು ಮರ, ಆಗ್ನೇಯ ಏಷ್ಯಾದ ಕ್ರಾಟಮ್. ಅದರ ಎಲೆಯಲ್ಲಿರುವ ಮಿಟ್ರಾಗೈನಿನ್ ನರಕೋಶಗಳ ಮೇಲೆ ಮಾರ್ಫಿನ್ ಹಿಡಿಯುವ ಗ್ರಾಹಕವನ್ನೇ (ರಿಸೆಪ್ಟರ್) ಹಿಡಿಯುತ್ತದೆ. ಒಂದು ಮನೆಯಲ್ಲಿ ಒಬ್ಬ ಹಾಡುಗಾರ ಇದ್ದಾನೆ ಅಂದಮೇಲೆ ಇನ್ನೊಬ್ಬ ಇರಬಾರದು ಅಂತೇನಿಲ್ಲ.

ಒಂದು ಲೆಕ್ಕ ಮಾತ್ರ ಆ ವರದಿ ಓದಿದಾಗಿನಿಂದ ನನ್ನ ತಲೆಯಲ್ಲಿ ಕೂತಿದೆ. 0.4% ಅಂದರೆ ಒಂದು ಕಿಲೋ ಒಣ ತೊಗಟೆಯಲ್ಲಿ 4 ಗ್ರಾಂ. ಮಾಮೂಲಿ ಕ್ಯಾಪ್ಸೂಲ್ 50 ಮಿಲಿಗ್ರಾಂ. ಅಂದರೆ ಕಿಲೋಗೆ 80 ಕ್ಯಾಪ್ಸೂಲ್! ದೊಡ್ಡವರಿಗೆ ದಿನದ ಗರಿಷ್ಠ ಮಿತಿ 400 ಮಿಲಿಗ್ರಾಂ. ಬರೀ ನೂರು ಗ್ರಾಂ ತೊಗಟೆಯಲ್ಲಿ ಅಷ್ಟೂ ಇರಬೇಕು.

ಇನ್ನೊಂದು ಕೊಸರು. ಡೋಸ್ ಜಾಸ್ತಿಯಾದರೆ ಟ್ರಮಡಾಲ್ ಫಿಟ್ಸ್ ತರಿಸುತ್ತದೆ. ಮೂರ್ಛೆ ರೋಗ ಇರುವವರಿಗೆ ಕೊಡುವಾಗ ವೈದ್ಯರು ಹಿಂದೆಮುಂದೆ ನೋಡುವುದು ಅದಕ್ಕೇ. ಈ ಬೇರನ್ನು ಅಲ್ಲಿಯ ಜನ ಮೂರ್ಛೆ ರೋಗಕ್ಕೇ ಕೊಡುತ್ತ ಬಂದಿದ್ದಾರೆ. ಕಿಲೋಗೆ 80 ಕ್ಯಾಪ್ಸೂಲ್ ಇರುವ ಬೇರನ್ನು ಮೂರ್ಛೆ ರೋಗಿಗೆ ಕುಡಿಸಿದರೆ ಏನಾಗಬೇಕು? ಇದು ಪುರಾವೆ ಅಲ್ಲ, ಬೇರಿನಲ್ಲಿ ಬೇರೆ ವಸ್ತುಗಳೂ ಇರುತ್ತವೆ. ಆದರೂ ಅನುಮಾನಕ್ಕೆ ಸಾಕು.

ಯಕೃತ್ತಿನ ಹೆಜ್ಜೆಗುರುತು

ಪ್ರಕರಣ ಅರ್ಥವಾಗಬೇಕಾದರೆ ಟ್ರಮಡಾಲ್ ನುಂಗಿದ ಮೇಲೆ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು.

ಟ್ರಮಡಾಲ್ ಪೂರ್ತಿ ಓಪಿಯಾಯ್ಡ್ (ಮಾರ್ಫಿನ್ ಥರ ಕೆಲಸ ಮಾಡುವ ಔಷಧಿ) ಅಲ್ಲ, ಪೂರ್ತಿ ಅಲ್ಲದ್ದೂ ಅಲ್ಲ. ಮಾತ್ರೆಯಲ್ಲಿ ಎಡಗೈ ಬಲಗೈ ಇದ್ದ ಹಾಗೆ ಒಂದೇ ಅಣುವಿನ ಎರಡು ಕನ್ನಡಿ ರೂಪಗಳು ಅರ್ಧರ್ಧ ಇರುತ್ತವೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಒಂದು ರೂಪ ಸೆರೊಟೋನಿನ್ ವಾಪಸ್ ಹೀರಿಕೆಯಾಗುವುದನ್ನು ಜಾಸ್ತಿ ತಡೆಯುತ್ತದೆ, ಇನ್ನೊಂದು ನಾರ್‌ಅಡ್ರಿನಲಿನ್‌ನದನ್ನು. ಖಿನ್ನತೆಯ ಔಷಧಿಗಳು ಮಾಡುವ ಕೆಲಸದಂಥದ್ದೇ. ಅದಕ್ಕೇ ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಟ್ರಮಡಾಲ್ ತೆಗೆದುಕೊಂಡರೆ ಸೆರೊಟೋನಿನ್ ಮಿತಿಮೀರಿ ಜೀವಕ್ಕೇ ಕುತ್ತು ಬರಬಹುದು.

ಮಾರ್ಫಿನ್‌ನಂಥ ಕೆಲಸ ಮಾಡುವುದು ಮುಖ್ಯವಾಗಿ ಟ್ರಮಡಾಲ್ ಅಲ್ಲ, ಅದರ ಮಗು. ಯಕೃತ್ತಿನಲ್ಲಿ ಸಿವೈಪಿ2ಡಿ6 ಎಂಬ ಕಿಣ್ವ ಇದೆ. ಅದು ಟ್ರಮಡಾಲ್‌ನ ಆಮ್ಲಜನಕಕ್ಕೆ ಅಂಟಿದ ಒಂದು ಮಿಥೈಲ್ ಗುಂಪನ್ನು ಕಿತ್ತುಹಾಕುತ್ತದೆ. ಉಳಿಯುವುದು ಓ-ಡೆಸ್‌ಮಿಥೈಲ್‌ಟ್ರಮಡಾಲ್, ವೃತ್ತಿಯವರು ಸುಮ್ನೆ ಎಂ1 ಎನ್ನುತ್ತಾರೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಎಂ1 ಓಪಿಯಾಯ್ಡ್ ಗ್ರಾಹಕವನ್ನು ಮೂಲ ಅಣುವಿಗಿಂತ ಸುಮಾರು 200 ಪಟ್ಟು ಬಿಗಿಯಾಗಿ ಹಿಡಿಯಿತು. ಈ ಕಿಣ್ವ ಎಲ್ಲರಲ್ಲೂ ಒಂದೇ ಥರ ಇಲ್ಲ. ಕೆಲವರಲ್ಲಿ ಕೆಲಸವೇ ಮಾಡುವುದಿಲ್ಲ, ಅವರಿಗೆ ಮಾತ್ರೆ ಅಷ್ಟಾಗಿ ಹತ್ತುವುದಿಲ್ಲ. ಕೆಲವರಲ್ಲಿ ವಿಪರೀತ ಚುರುಕು, ಅವರಿಗೆ ಮಾಮೂಲಿ ಡೋಸೇ ಉಸಿರು ಕಟ್ಟಿಸಬಹುದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ 12 ವರ್ಷದ ಒಳಗಿನ ಮಕ್ಕಳಿಗೆ ಟ್ರಮಡಾಲ್ ಕೊಡಲೇಬಾರದು ಎಂದದ್ದು ಇದೇ ಕಾರಣಕ್ಕೆ.

ಇನ್ನೊಂದಿಷ್ಟು ಕಿಣ್ವಗಳು ಸಾರಜನಕದ ಕಡೆಯ ಮಿಥೈಲ್ ಕೀಳುತ್ತವೆ. ಅದು ಎನ್-ಡೆಸ್‌ಮಿಥೈಲ್‌ಟ್ರಮಡಾಲ್. ಮತ್ತೊಂದು ದಾರಿಯಲ್ಲಿ ಅಣುವಿನ ಉಂಗುರಕ್ಕೆ ಹೈಡ್ರಾಕ್ಸಿಲ್ ಗುಂಪು ಸೇರುತ್ತದೆ. ಮನುಷ್ಯರಲ್ಲಿ ನುಂಗಿದ ಟ್ರಮಡಾಲ್‌ನ ಸುಮಾರು 30% ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಸುಮಾರು 60% ಈ ಮಕ್ಕಳ ರೂಪದಲ್ಲಿ.

ವಿಧಿವಿಜ್ಞಾನದ ಪ್ರಯೋಗಾಲಯದವರು ಬದುಕುವುದೇ ಈ ಮಕ್ಕಳಿಂದ. ಅಫೀಮು ಗುಂಪಿನ ಔಷಧಿಗಳಿಗೆ ಮಾಡುವ ಮಾಮೂಲಿ ಸ್ಟ್ರಿಪ್ ಪರೀಕ್ಷೆಗೆ ಟ್ರಮಡಾಲ್ ಸಿಗುವುದಿಲ್ಲ. ಅದರ ಆಕಾರಕ್ಕೂ ಮಾರ್ಫಿನ್ ಆಕಾರಕ್ಕೂ ಹೋಲಿಕೆ ಸಾಲದು. ಅಣುಗಳನ್ನೂ ಅವುಗಳ ಚೂರುಗಳನ್ನೂ ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಬೆರೆತ ವಸ್ತುಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮಟೋಗ್ರಫಿಯ ಜೊತೆ ಮಾಡಿದರೆ ಟ್ರಮಡಾಲ್ ಒಡೆದು 58 ತೂಕದ ಒಂದು ದೊಡ್ಡ ಗುರುತು ಬಿಡುತ್ತದೆ. ತೊಂದರೆ ಏನೆಂದರೆ 58 ಬಿಡುವ ಔಷಧಿಗಳು ಬೇಕಾದಷ್ಟಿವೆ. ಅದೊಂದನ್ನೇ ನೋಡಿ ಹೆಸರು ಹೇಳಿದರೆ ಕೋರ್ಟಿನಲ್ಲಿ ನಗೆಪಾಟಲು. ಲಿಕ್ವಿಡ್ ಕ್ರೊಮಟೋಗ್ರಫಿಯಲ್ಲಿ 264 ತೂಕದ ಅಯಾನು ಯಾವಾಗ ಹೊರಬಂತು, ಅದರಿಂದ 58 ಹುಟ್ಟಿತೇ, ಜೊತೆಗೆ 250 ತೂಕದ ಎಂ1 ಇದೆಯೇ, ಎಲ್ಲ ಕೂಡಿಸಿ ನೋಡುತ್ತಾರೆ. ಮೂತ್ರದಲ್ಲಿ ಟ್ರಮಡಾಲ್ ಮಾತ್ರ ಇದ್ದು ಎಂ1, ಎನ್-ಡೆಸ್‌ಮಿಥೈಲ್ ಎರಡೂ ಇಲ್ಲದಿದ್ದರೆ, ಮಾತ್ರೆಯನ್ನು ಪುಡಿ ಮಾಡಿ ಬಾಟಲಿಗೆ ಹಾಕಿದ್ದಾರೋ ಏನೋ ಎಂದು ಅನುಮಾನ ಬರಬೇಕು. ದೇಹದೊಳಗಿಂದ ಹಾದುಬಂದ ಔಷಧಿ ಒಂಟಿಯಾಗಿ ಬರುವುದು ಅಪರೂಪ.

ಎತ್ತಿಗೂ ಒಂದು, ನನಗೂ ಒಂದು

2014ರಲ್ಲಿ ಜರ್ಮನಿಯ ಡಾರ್ಟ್‌ಮಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಸೌವಿಕ್ ಕುಸಾರಿ, ಮಿಖಾಯೆಲ್ ಸ್ಪಿಟೆಲ್ಲರ್ ಮತ್ತು ಜೊತೆಗಾರರು ಅದೇ ಪತ್ರಿಕೆಯಲ್ಲಿ ಇನ್ನೊಂದು ವರದಿ ಬರೆದರು. ಶೀರ್ಷಿಕೆಯೇ ಒಂದು ಪ್ರಶ್ನೆ: ಟ್ರಮಡಾಲ್ ನಿಜಕ್ಕೂ ಸಹಜ ವಸ್ತುವೇ? ಅವರು ಬೇರನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಬೇರಿನ ಸುತ್ತ ನೋಡಿದರು.

ಬೇರಿನಲ್ಲಿ ಟ್ರಮಡಾಲ್ ಇತ್ತು, ಆದರೆ ಮೊದಲ ತಂಡ ಹೇಳಿದ 0.4%ಗಿಂತ ಬಹಳ ಬಹಳ ಕಡಿಮೆ. ಜೊತೆಗೆ ಎಂ1 ಇತ್ತು. ಎನ್-ಡೆಸ್‌ಮಿಥೈಲ್ ಇತ್ತು. ಉಂಗುರಕ್ಕೆ ಹೈಡ್ರಾಕ್ಸಿಲ್ ಸೇರಿದ ಮೂರನೆಯದೂ ಇತ್ತು. ಸಸ್ತನಿಗಳು ಟ್ರಮಡಾಲ್ ಅರಗಿಸಿದಾಗ ಬಿಡುವ ಮೂರು ಮುಖ್ಯ ಗುರುತುಗಳೂ ಬೇರಿನಲ್ಲಿ! ಅಕ್ಕಪಕ್ಕದ ಬೇರೆ ಐದು ಜಾತಿಯ ಗಿಡಗಳ ಬೇರಿನಲ್ಲೂ ಇದ್ದವು. ಮಣ್ಣಿನಲ್ಲಿ ಇದ್ದವು. ಅಲ್ಲಿಯ ನೀರಿನಲ್ಲೂ ಇದ್ದವು. ಅದೂ ಕ್ಯಾಮರೂನಿನ ತುತ್ತತುದಿಯ ದೂರ ಉತ್ತರ ಪ್ರಾಂತ್ಯದಲ್ಲಿ ಮಾತ್ರ. ಬೇರೆ ಕಡೆಯ ಅದೇ ಜಾತಿಯ ಮರದಲ್ಲಿ ಇರಲಿಲ್ಲ.

ಕಾರಣ ಹುಡುಕುತ್ತ ಅವರು ರೈತರನ್ನು ಮಾತಾಡಿಸಿದರು. ಉತ್ತರ ಸಿಕ್ಕಿದ್ದು ಅಲ್ಲೇ. ಸುಡುಬಿಸಿಲಿನಲ್ಲಿ ಸುಸ್ತಿಲ್ಲದೆ ಹೊಲದ ಕೆಲಸ ಮಾಡಲು ರೈತರು ಸಂತೆಯಲ್ಲಿ ಸಿಗುವ ಅಗ್ಗದ ಟ್ರಮಡಾಲ್ ನುಂಗುತ್ತಿದ್ದರು. ನೇಗಿಲು ಎಳೆಯುವ ದನಗಳಿಗೂ ಅದನ್ನೇ ತಿನ್ನಿಸುತ್ತಿದ್ದರು. ನೋವಿನ ಮಾತ್ರೆ ತಿಂದು ಯಾರಾದರೂ ಉಳುತ್ತಾರಾ, ನಿದ್ದೆ ಬರಲ್ವಾ ಎಂದು ಕೇಳಬಹುದು. ಸೆರೊಟೋನಿನ್, ನಾರ್‌ಅಡ್ರಿನಲಿನ್ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಕಡೆ ನೋವು ಗೊತ್ತಾಗುವುದಿಲ್ಲ, ಇನ್ನೊಂದು ಕಡೆ ಹುರುಪು. ದುಡಿದು ಹೈರಾಣಾದವನಿಗೆ ಇದಕ್ಕಿಂತ ಏನು ಬೇಕು? ಪಶ್ಚಿಮ ಆಫ್ರಿಕಾದ ಉದ್ದಕ್ಕೂ ಕೂಲಿಯವರು, ಡ್ರೈವರುಗಳು ಇದನ್ನು ನುಂಗುವುದು ಮತ್ತಿಗಷ್ಟೇ ಅಲ್ಲ, ದುಡಿಮೆಗೂ ಹೌದು.

ಆಮೇಲಿನದು ಯಾವ ರೈತನ ಮಗನಿಗಾದರೂ ಗೊತ್ತು. ದನ ಗಂಜಲ ಹೊಯ್ಯುತ್ತದೆ, ಸಗಣಿ ಹಾಕುತ್ತದೆ. ಅದು ಮಣ್ಣಿಗೆ ಇಳಿಯುತ್ತದೆ. ಮಳೆ ಬಂದರೆ ಹೊಂಡಕ್ಕೆ ಹರಿಯುತ್ತದೆ. ಬೇರು ನೀರಿನ ಜೊತೆ ಅದನ್ನೂ ಎಳೆದುಕೊಳ್ಳುತ್ತದೆ. ದನಕ್ಕೆ ಕೊಟ್ಟ ಔಷಧಿ ದನದಲ್ಲೇ ನಿಲ್ಲುವುದಿಲ್ಲ ಎಂಬುದು ನಮಗೆ ರಣಹದ್ದುಗಳ ವಿಷಯದಲ್ಲಿ ಚೆನ್ನಾಗಿ ಗೊತ್ತಾಗಿದೆ. ಡೈಕ್ಲೋಫೆನಾಕ್ ಕೊಟ್ಟ ದನದ ಹೆಣ ತಿಂದು ಅವು ಮೂತ್ರಪಿಂಡ ಕೆಟ್ಟು ಸತ್ತವು, 2006ರಲ್ಲಿ ಭಾರತ ಪಶುಗಳಿಗೆ ಆ ಔಷಧಿ ನಿಷೇಧಿಸಬೇಕಾಯಿತು.

ಇಲ್ಲಿ ಒಂದು ಕಡೆ ನಿಂತು ಯೋಚಿಸಬೇಕು. ಎಂ1 ಸಿಕ್ಕಿತು, ಆದ್ದರಿಂದ ಯಕೃತ್ತು, ಆದ್ದರಿಂದ ದನ. ಇಷ್ಟು ಸುಲಭವಾ? ಗಿಡಗಳಿಗೂ ಮಿಥೈಲ್ ಕೀಳಲು ಬರುತ್ತದೆ. ಅಫೀಮು ಗಿಡದಲ್ಲಿ ಕೊಡೀನ್‌ನ ಮಿಥೈಲ್ ಕಿತ್ತು ಮಾರ್ಫಿನ್ ಮಾಡುವ ಕಿಣ್ವವೇ ಇದೆ. ನಮ್ಮ ಯಕೃತ್ತಿನಲ್ಲಿ ಕೊಡೀನನ್ನು ಮಾರ್ಫಿನ್ ಮಾಡುವುದು ಯಾರು? ಅದೇ ಸಿವೈಪಿ2ಡಿ6. ಹೂವು ಮತ್ತು ಯಕೃತ್ತು ಬೇರೆ ಬೇರೆ ಹತಾರ ಹಿಡಿದು ಒಂದೇ ಗಂಟು ಬಿಚ್ಚುತ್ತವೆ. ಹಾಗಾಗಿ ಬರೀ ಎಂ1 ಸಿಕ್ಕಿದ್ದರೆ ಮೊದಲ ತಂಡದವರು, ಮರವೇ ಮಾಡಿಕೊಂಡಿದೆ ಬಿಡಿ ಎನ್ನಬಹುದಿತ್ತು. ಮೂರೂ ಒಟ್ಟಿಗೆ, ಆರು ಜಾತಿಯ ಗಿಡಗಳಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ, ಒಂದೇ ಪ್ರಾಂತ್ಯದಲ್ಲಿ ಸಿಕ್ಕಾಗ ಆ ಮಾತಿಗೆ ಬಲ ಕಡಿಮೆ. ಹೊಂಡದ ನೀರು ಟ್ರಮಡಾಲ್ ತಯಾರಿಸುವುದಿಲ್ಲವಲ್ಲ.

ಫ್ರೆಂಚ್ ತಂಡ ಸೋಲು ಒಪ್ಪಲಿಲ್ಲ. ಗಂಜಲದಿಂದ ಬೇರಿಗೆ 0.4% ಇಳಿಯುವುದು ಹೇಗೆ ಎಂಬುದು ನ್ಯಾಯವಾದ ಪ್ರಶ್ನೆಯೇ. 2015ರಲ್ಲಿ ನಾಂತ್ ನಗರದ ರಿಚರ್ಡ್ ರಾಬಿನ್ಸ್ ಅವರ ಗುಂಪಿನ ಜೊತೆ ಸೇರಿ ಅವರು ಅಣುವಿನ ಒಂದೊಂದು ಜಾಗದಲ್ಲೂ ಕಾರ್ಬನ್-13 (ಕಾರ್ಬನ್ನಿನ ಭಾರದ ರೂಪ) ಎಷ್ಟಿದೆ ಎಂದು ಎನ್‌ಎಂಆರ್ ಎಂಬ ಕಾಂತೀಯ ವಿಧಾನದಿಂದ ಅಳೆದರು. ಇದು ತುಂಬ ನಾಜೂಕಿನ ಕೆಲಸ. ಕಿಣ್ವಗಳು ಭಾರದ ಕಾರ್ಬನ್ನನ್ನೂ ಹಗುರದ್ದನ್ನೂ ಒಂದೇ ಥರ ನೋಡುವುದಿಲ್ಲ, ಹಾಗಾಗಿ ಅಣು ಯಾವ ದಾರಿಯಲ್ಲಿ ಬೆಳೆಯಿತು ಎಂಬ ಸುಳಿವು ಅದರೊಳಗೇ ಉಳಿದಿರುತ್ತದೆ. ಫಿನೈಲ್‌ಅಲನಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳಿಂದ ಗಿಡ ಟ್ರಮಡಾಲ್ ಕಟ್ಟಬಹುದು, ಅಳತೆ ಅದಕ್ಕೆ ಹೊಂದುತ್ತದೆ ಎಂದು ಅವರ ವಾದ. ಓದಲು ಬಹಳ ಚೆಂದ. ಆದರೆ ಹೀಗೆ ಕಟ್ಟಬಹುದು ಎಂಬುದು ಬೇರೆ, ಕಟ್ಟಿದೆ ಎಂಬುದು ಬೇರೆ.

ಹಳೇ ಕಾರ್ಬನ್, ಹೊಸ ಕಾರ್ಬನ್

ಡಾರ್ಟ್‌ಮಂಡ್ ತಂಡದ ಮುಂದಿನ ವರದಿ 2016ರದು. ಪರೀಕ್ಷೆ ಎಷ್ಟು ಸರಳ ಅಂದರೆ ಪಿಯುಸಿ ಹುಡುಗರಿಗೂ ಹೇಳಿಕೊಡಬಹುದು.

ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಚೂರೇ ಚೂರು ಕಾರ್ಬನ್-14, ಅಂದರೆ ನಿಧಾನವಾಗಿ ಕರಗಿಹೋಗುವ ವಿಕಿರಣಶೀಲ ಕಾರ್ಬನ್, ಇರುತ್ತದೆ. ಗಿಡ ಬದುಕುವುದು ಆ ಗಾಳಿಯಿಂದ. ಅದು ಕಟ್ಟಿದ ಸಕ್ಕರೆ, ನಾರು, ಕಹಿ, ವಿಷ, ಎಲ್ಲದರಲ್ಲೂ ಅದೇ ಪ್ರಮಾಣ ಇರಲೇಬೇಕು. ಕಾರ್ಬನ್-14ರ ಅರ್ಧಾಯುಷ್ಯ 5730 ವರ್ಷ. ಐವತ್ತು ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಸಿಗುವುದಿಲ್ಲ. ಕಚ್ಚಾ ತೈಲ ಕೋಟ್ಯಂತರ ವರ್ಷ ಹಳೆಯದು. ಅದರಿಂದ ಮಾಡಿದ ಕಚ್ಚಾವಸ್ತು ಬಳಸಿದ ಔಷಧಿಯಲ್ಲಿ ಕಾರ್ಬನ್-14 ಸೊನ್ನೆ. ಅಂದರೆ ಒಂದೇ ಅಣು, ಒಂದೇ ರಚನೆ, ಒಂದೇ ತೂಕ; ಆದರೆ ಮರ ಮಾಡಿದ್ದಾದರೆ ಇವತ್ತಿನದು, ಕಾರ್ಖಾನೆ ಮಾಡಿದ್ದಾದರೆ ಡೈನೋಸಾರ್ ಕಾಲದ್ದು.

ಅವರು ದೂರ ಉತ್ತರ ಪ್ರಾಂತ್ಯದ ಮುಖ್ಯ ಊರು ಮರುವಾದ ಬೀದಿ ಸಂತೆಯಲ್ಲಿ ಟ್ರಮಡಾಲ್ ಮಾತ್ರೆ ಕೊಂಡರು. ಹುದುವು ಎಂಬ ಹಳ್ಳಿಯ ಮಣ್ಣು ತಂದರು, ಅದರಲ್ಲಿ ಟ್ರಮಡಾಲ್ ಧಾರಾಳವಾಗಿತ್ತು. ಎರಡರಿಂದಲೂ ಟ್ರಮಡಾಲ್ ಬೇರ್ಪಡಿಸಿ ಶುದ್ಧ ಮಾಡಿ, ಆಕ್ಸಲರೇಟರ್ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಕಾರ್ಬನ್-14 ಎಣಿಸಿದರು. ಮಾತ್ರೆಯಲ್ಲಿ ಇರಲಿಲ್ಲ, ಅದು ನಿರೀಕ್ಷೆಯಂತೆಯೇ. ಮಣ್ಣಿನ ಟ್ರಮಡಾಲ್‌ನಲ್ಲೂ ಇರಲಿಲ್ಲ. ಅಲ್ಲಿಗೆ, ಮರದ ಬೇರಿನಿಂದ ಸೋರಿ ಮಣ್ಣಿಗೆ ಬಂದಿರಬಹುದು ಎಂಬ ದಾರಿ ಮುಚ್ಚಿತು.

ಜೊತೆಗೆ ಬೀಜ ಪರೀಕ್ಷಿಸಿದರು, ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿ ಪರೀಕ್ಷಿಸಿದರು, ಬೇರೆ ಬೇರೆ ಊರಿನ ಗಿಡ ನೋಡಿದರು. ಗುರುತು ಹಾಕಿದ ಐಸೋಟೋಪ್ ಉಣಿಸಿ, ಗಿಡ ಅದರಿಂದ ಟ್ರಮಡಾಲ್ ಕಟ್ಟುತ್ತದೆಯೇ ಎಂದೂ ನೋಡಿದರು. ಎಲ್ಲವೂ ಒಂದೇ ಕಡೆ ಬೆರಳು ತೋರಿಸಿದವು: ಟ್ರಮಡಾಲ್ ಹೊರಗಿನಿಂದ ಬಂದದ್ದು.

ನನ್ನ ಮಟ್ಟಿಗೆ ತೀರ್ಪು ಡಾರ್ಟ್‌ಮಂಡ್ ಕಡೆಗೆ. ಆದರೂ ಒಂದು ತಕರಾರು ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಾರ್ಬನ್-14 ಎಣಿಸಿದ್ದು ಹುದುವುವಿನ ಮಣ್ಣಿನಲ್ಲಿ ಸಿಕ್ಕ ಟ್ರಮಡಾಲ್‌ನದು, ಮೊದಲ ತಂಡದ ಬೇರಿನಲ್ಲಿ ಸಿಕ್ಕ 0.4%ನದ್ದಲ್ಲ. ಪೊಲೀಸ್ ಭಾಷೆಯಲ್ಲಿ ಹೇಳಬೇಕೆಂದರೆ ಕಳ್ಳ ಸಿಕ್ಕಿದ್ದಾನೆ, ಕಳುವಾದ ಮಾಲು ಪೂರ್ತಿ ಸಿಕ್ಕಿಲ್ಲ. ಆ ಕಿಲೋಗೆ 80 ಕ್ಯಾಪ್ಸೂಲ್ ಬೇರಿಗೆ ಹೇಗೆ ಹೋಯಿತು ಎಂಬುದಕ್ಕೆ ದನದ ಗಂಜಲ ನನಗೆ ಸಾಕಾಗುವ ಉತ್ತರ ಅಲ್ಲ. ಹಾಗಂತ ಮರವೇ ಮಾಡಿತು ಎನ್ನಲೂ ಆಗುವುದಿಲ್ಲ. ಮರ ಮಾಡುವುದಾದರೆ ಅದರ ಬೀಜದಿಂದ ಹುಟ್ಟಿದ ಸಸಿಯಲ್ಲೂ ಕಾಣಬೇಕಿತ್ತು.

ಮರುವಾ ಸಂತೆಯ ಆ ಮಾತ್ರೆ ಯಾವ ದೇಶದ್ದು ಎಂದು ಕಾರ್ಬನ್ ಹೇಳುವುದಿಲ್ಲ. ಆದರೆ ಆ ವರ್ಷಗಳಲ್ಲಿ ಆಫ್ರಿಕಾದ ಸಂತೆಗಳಿಗೆ ಟ್ರಮಡಾಲ್ ಹೋಗುತ್ತಿದ್ದ ದಾರಿಯಲ್ಲಿ ನಮ್ಮ ಹೆಸರು ಮತ್ತೆ ಮತ್ತೆ ಬರುತ್ತದೆ. 2017ರ ಮೇ ತಿಂಗಳಲ್ಲಿ ಇಟಲಿಯ ಜೆನೋವಾ ಬಂದರಿನಲ್ಲಿ 3.7 ಕೋಟಿ ಟ್ರಮಡಾಲ್ ಮಾತ್ರೆ ಸಿಕ್ಕಿಬಿತ್ತು. ಭಾರತದಿಂದ ಲಿಬಿಯಾಕ್ಕೆ ಹೊರಟ ಮಾಲು. ಕಂಟೇನರಿನ ಕಾಗದದಲ್ಲಿ ಕಂಬಳಿ, ಶಾಂಪೂ ಎಂದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ನೈಜೀರಿಯಾ-ಕ್ಯಾಮರೂನ್ ಗಡಿಯ ಹತ್ತಿರ, ಅಂದರೆ ಈ ಹಳ್ಳಿಗಳಿರುವ ಸೀಮೆಯಲ್ಲೇ, ಬೋಕೋ ಹರಾಮ್ ಉಗ್ರರಿಗೆ ಹೋಗುತ್ತಿದ್ದ ಆರು ಲಕ್ಷಕ್ಕೂ ಜಾಸ್ತಿ ಮಾತ್ರೆ ಹಿಡಿದರು. ಭಾರತ 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನು ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಮಾತ್ರ ಅದೇ ವರ್ಷ ಮತ್ತೊಮ್ಮೆ ಪರಿಶೀಲಿಸಿಯೂ ಇದನ್ನು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ತರಲು ಶಿಫಾರಸು ಮಾಡಲಿಲ್ಲ. ಮಾರ್ಫಿನ್ ಸಿಗದ ಬಡ ದೇಶಗಳಲ್ಲಿ ಕ್ಯಾನ್ಸರ್ ರೋಗಿಗೆ, ಆಪರೇಷನ್ ಆದವರಿಗೆ ಕೈಗೆ ಸಿಗುವ ಓಪಿಯಾಯ್ಡ್ ಎಷ್ಟೋ ಕಡೆ ಇದೊಂದೇ. ಬಿಗಿ ಮಾಡಿದರೆ ಸಂತೆಯವನಿಗಿಂತ ಮೊದಲು ಆಸ್ಪತ್ರೆಯವನಿಗೆ ಕೊರತೆ ಬೀಳುತ್ತದೆ ಎಂಬ ಭಯ.

ಆ ಪ್ರಾಂತ್ಯದ ನೀರಿನ ಬಗ್ಗೆ ಎಲ್ಲರೂ ಬೇಗ ಮರೆತರು. ವಾದ ಎಲ್ಲ ಮರ ಮಾಡಿತೋ ಮನುಷ್ಯ ಮಾಡಿದನೋ ಎಂಬುದರ ಸುತ್ತಲೇ ನಡೆಯಿತು. 2014ರ ಆ ವರದಿಯಲ್ಲಿ ಬೇರು, ಮಣ್ಣಿನ ಜೊತೆ ನೀರಿನ ಸಾಲೂ ಇದೆ: ಟ್ರಮಡಾಲ್, ಜೊತೆಗೆ ಅದರ ಮೂರು ಮಕ್ಕಳು.